ಹೌದೋ ಇಲ್ಲವೋ, ಕಾಗದದ ಮೇಲೆ ಹೇಳಿಸಿ: ಸಂಸದರಿಗೆ ಕಾನ್ಸುಲೇಟ್ ಡ್ರೈವರೊಬ್ಬನ ಬಹಿರಂಗ ಪತ್ರ

ಕೋಲಾರ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ ಸರ್.

ನಾನು ಬಂಗಾರಪೇಟೆಯವನು. ಬೆಂಗಳೂರಿನ ಒಂದು ವಿದೇಶಿ ಕಾನ್ಸುಲೇಟಿನಲ್ಲಿ, ಅಂದರೆ ವೀಸಾ ಕೊಡುವ ಆ ದೇಶದ ಸರ್ಕಾರಿ ಕಚೇರಿಯಲ್ಲಿ, 14 ವರ್ಷ ಕಾರು ಓಡಿಸಿದೆ. ನೀಲಿ ನಂಬರ್ ಪ್ಲೇಟಿನ ಕಾರು ನೀವೂ ನೋಡಿರುತ್ತೀರಿ. ಟ್ರಾಫಿಕ್ ಪೊಲೀಸರು ಅದಕ್ಕೆ ಕೈ ಅಡ್ಡ ಹಿಡಿಯುವುದು ಕಡಿಮೆ. ಸ್ಟೀರಿಂಗ್ ಹಿಡಿದವನ ಮುಖ ಯಾರೂ ನೋಡಿರಲ್ಲ ಬಿಡಿ. ಯಾವ ದೇಶ ಅಂತ ಬರೆಯುವುದಿಲ್ಲ. ನಮ್ಮವರು ನಾಲ್ಕು ಜನ ಇನ್ನೂ ಅಲ್ಲೇ ದುಡಿಯುತ್ತಿದ್ದಾರೆ. ಅವರ ಅನ್ನಕ್ಕೆ ಕಲ್ಲು ಹಾಕಬಾರದು.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಾಕಿಗಾಗಿ ಆ ದೇಶದ ಮೇಲೆ ದಾವೆ ಹಾಕಲು ಒಪ್ಪಿಗೆ ಕೊಡಿ ಅಂತ ಕೇಳಿದ ನಮ್ಮ ಅರ್ಜಿ ದೆಹಲಿಗೆ ಹೋಗಿ 19 ತಿಂಗಳಾಯಿತು. ಅದಕ್ಕೆ ಹೌದೋ ಇಲ್ಲವೋ, ಒಂದು ಉತ್ತರ ಕೊಡಿಸಿ. ಅಷ್ಟೇ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಂ ನಿಮಗೆ ಗೊತ್ತೇ ಇರುತ್ತದೆ. ಕಾನೂನು ಮಾಡುವ ಮನೆಯಲ್ಲಿ ಕೂರುವವರು ನೀವು. ನನಗೆ ವಕೀಲರ ಆಫೀಸಿನ ಬೆಂಚಿನ ಮೇಲೆ ಕೂತಾಗಲೇ ಗೊತ್ತಾಗಿದ್ದು. ಬೇರೆ ದೇಶದ ಸರ್ಕಾರದ ಮೇಲೆ ನಮ್ಮ ಕೋರ್ಟಿನಲ್ಲಿ ದಾವೆ ಹಾಕಬೇಕಾದರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಅದಕ್ಕೆ ಕಾರ್ಯದರ್ಶಿಯೊಬ್ಬರ ಸಹಿ ಬೇಕು. ತಮಾಷೆ ಏನು ಗೊತ್ತಾ? ವಿದೇಶಿ ಸರ್ಕಾರದ ಜಾಗದಲ್ಲಿ ಬಾಡಿಗೆಗಿರುವವನು ದಾವೆ ಹಾಕಲು ಆ ಒಪ್ಪಿಗೆ ಬೇಡ. ಅದೇ ಕಲಮಿನಲ್ಲೇ ಬರೆದಿದೆ. ಅವರ ಕಾರು ಓಡಿಸಿದವನಿಗೆ ಬೇಕು.

ಈಗ ನಮ್ಮ ಕಥೆ. ನಾವು ಸ್ಥಳೀಯ ಸಿಬ್ಬಂದಿ 11 ಜನ ಇದ್ದೆವು. ಮೂವರು ಡ್ರೈವರುಗಳು, ಮಾಲಿ, ಅಡುಗೆಯವರು, ರಿಸೆಪ್ಷನ್ ಮೇಡಂ, ವೀಸಾ ಅರ್ಜಿ ಜೋಡಿಸುವ ಹುಡುಗರು. ಪಿಎಫ್ ಇಲ್ಲ, ನೇಮಕಾತಿ ಪತ್ರ ಇಲ್ಲ. ಓವರ್‌ಟೈಮ್ ಅಂದರೆ ಸಾಹೇಬರ ಮನಸ್ಸು. ದೇವನಹಳ್ಳಿ ಏರ್‌ಪೋರ್ಟಿಗೆ ರಾತ್ರಿ ಮೂರಕ್ಕೆ ಹೋಗಬೇಕಾದ ದಿನ ನಾನು ಬಂಗಾರಪೇಟೆಗೆ ಬರುತ್ತಲೇ ಇರಲಿಲ್ಲ. ಸೆಕ್ಯೂರಿಟಿ ರೂಮಿನ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ. ಮಗಳು ಎಸ್ಸೆಸ್ಸೆಲ್ಸಿ ಬರೆದ ವರ್ಷ ಅವಳು ಓದುತ್ತಾ ಕೂತಿದ್ದನ್ನು ನಾನು ನೋಡಿಲ್ಲ.

ಏಳು ಜನ ಸೇರಿದರೆ ಯೂನಿಯನ್ ನೋಂದಾಯಿಸಬಹುದು ಅಂತ ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿದವರು. 1930ರಲ್ಲಿ ಹೆಬ್ಬೆಟ್ಟಿನ ಗುರುತು ಕೊಡಲ್ಲ ಅಂತ ಕೂಲಿಗಳು ಗಣಿ ನಿಲ್ಲಿಸಿದ್ದನ್ನು ಅವರು ತಮ್ಮ ಅಪ್ಪನಿಂದ ಕೇಳಿದ್ದರು, ನಮಗೆ ಹೇಳುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆದರೂ ಮಾತುಕತೆ ಅಂದರೆ ಎದುರುಬದುರು ಕುರ್ಚಿ ಹಾಕಿ ಕೂರುವುದು ಅನ್ನುವುದು ನಮ್ಮ ಮನೆಯಲ್ಲಿ ಉಳಿದುಕೊಂಡಿತ್ತು.

ನಾವು ಐದು ಬೇಡಿಕೆ ಬರೆದು ಕೊಟ್ಟೆವು. ಮೊದಲ ಸಲ ಒಬ್ಬ ಅಧಿಕಾರಿ ಕಾಫಿ ಕೊಟ್ಟು ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ. ಹಿಂದೊಂದು ಭಾನುವಾರ ಅವರನ್ನು ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಕರೆದುಕೊಂಡು ಬಂದಿದ್ದೆ, ವಾಪಸ್ ಹೋಗುವಾಗ ನಮ್ಮ ಮನೆಯಲ್ಲೇ ಊಟ ಮಾಡಿದ್ದರು. ದಾರಿಯಲ್ಲಿ ಅವರೇ ಹೇಳಿದ್ದರು, ನಮ್ಮ ದೇಶದಲ್ಲಿ ನಾನೂ ಯೂನಿಯನ್ ಮೆಂಬರ್ ಅಂತ. ಆರು ತಿಂಗಳಿಗೆ ಅವರಿಗೆ ವರ್ಗವಾಯಿತು.

ಎರಡನೇ ಮಾತುಕತೆ ಹೇಗಾಯಿತು ಕೇಳಿ. ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂದಿದ್ದರು. ನಾವು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋದೆವು. ಒಳಗಿನ ಬಾಗಿಲಿನಲ್ಲಿ ಬಿಡಲಿಲ್ಲ. ಐಡಿ ಕಾರ್ಡ್ ತೆಗೆದಿಟ್ಟುಕೊಂಡು, ವೀಸಾಕ್ಕೆ ಬಂದವರ ಜೊತೆ ಹಾಲಿನಲ್ಲಿ ಕೂರಿಸಿದರು. ಟೋಕನ್ ತಗೊಳ್ಳಿ ಅಂದರು. ಆ ಟೋಕನ್ ಮೆಷಿನ್ನಿಗೆ ಪೇಪರ್ ರೋಲ್ ಹಾಕುತ್ತಿದ್ದದ್ದೇ ನಮ್ಮ ಹುಡುಗ, ಸರ್. ಅವನೂ ಟೋಕನ್ ತಗೊಂಡ. ನನ್ನದು 47. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನಿಮ್ಮ ಮಗನೂ ಅಲ್ಲೇ ಇದ್ದಾನಾ ಅಂತ ಕೇಳಿದರು. ಏನು ಹೇಳಲಿ? ಬೋರ್ಡಿನಲ್ಲಿ 46 ಬಂತು. ಗಂಟೆ ಒಂದಾಯಿತು, ಬೋರ್ಡ್ ಆಫ್ ಆಯಿತು. ಹೊರಗೆ ಬಂದ ಒಬ್ಬ ಅಧಿಕಾರಿ ನಿಂತುಕೊಂಡೇ ಹೇಳಿದರು: "ಇದು ನಮ್ಮ ದೇಶದ ನೆಲ. ನಿಮ್ಮ ಕಾರ್ಮಿಕ ಕಾನೂನು ಗೇಟಿನ ಆಚೆ."

ಅದು ಸುಳ್ಳು ಸರ್. ನಿಮಗೆ ಗೊತ್ತಿರುತ್ತದೆ. ಕಾನ್ಸುಲೇಟುಗಳ ಬಗ್ಗೆ ದೇಶಗಳು ಮಾಡಿಕೊಂಡ 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಒಪ್ಪಿಗೆಯಿಲ್ಲದೆ ನಮ್ಮ ಪೊಲೀಸರು ಕಾನ್ಸುಲೇಟಿನ ಕಚೇರಿಯೊಳಗೆ ಹೋಗುವಂತಿಲ್ಲ, ಸರಿ. ಹಾಗಂತ ಆ ನೆಲ ಅವರದಾಗಲ್ಲ. ಅದೇ ಒಪ್ಪಂದದ 55ನೇ ವಿಧಿ ಇಲ್ಲಿನ ಕಾನೂನಿಗೆ ಮರ್ಯಾದೆ ಕೊಡಬೇಕು ಅನ್ನುತ್ತದೆ.

ಮೂರು ತಿಂಗಳಿಗೆ ನಮ್ಮಲ್ಲಿ ಏಳು ಜನಕ್ಕೆ ಕೆಲಸ ಹೋಯಿತು. ಬೇಡಿಕೆ ಪತ್ರದಲ್ಲಿ ಸಹಿ ಹಾಕಿದ್ದವರೂ ಏಳೇ ಜನ. ಕಾಕತಾಳೀಯ ಇರಬೇಕು. ನನ್ನ ಕೊನೆಯ ಸಂಬಳ 26,000 ರೂಪಾಯಿ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಗ್ರಾಚ್ಯುಟಿ ಲೆಕ್ಕ ಹಾಕಿದರೆ 14 ವರ್ಷಕ್ಕೆ 2,10,000 ಆಗುತ್ತದೆ. ನನಗೆ ಸಿಕ್ಕಿದ್ದು ಅವರ ಬಾವುಟದ ಚಿತ್ರ ಇರುವ ಒಂದು ಕಾಫಿ ಮಗ್. ನನ್ನ ಹೆಂಡತಿ ಅದರಲ್ಲಿ ಚಮಚ ಹಾಕಿಟ್ಟಿದ್ದಾಳೆ.

ಈಗ ನಾನು ಕೋಲಾರದ ಎಪಿಎಂಸಿಯಿಂದ ಚೆನ್ನೈಗೆ ಟೊಮೆಟೊ ಗಾಡಿ ಓಡಿಸುತ್ತೇನೆ. ಅಲ್ಲಿ ಹಮಾಲಿಗಳು ಕ್ರೇಟಿಗೆ ಇಷ್ಟು ಅಂತ ಮಂಡಿ ಮಾಲೀಕರ ಜೊತೆ ಕೂತು ಮಾತಾಡುತ್ತಾರೆ. ಕೂಗಾಡುತ್ತಾರೆ, ಟೀ ಕುಡಿಯುತ್ತಾರೆ, ರೇಟು ಮುಗಿಯುತ್ತದೆ. ಯಾರೂ ಯಾರಿಗೂ ಟೋಕನ್ ಕೊಡಲ್ಲ.

ರಾಜತಾಂತ್ರಿಕರಿಗೆ ಇದೆಲ್ಲ ಗೊತ್ತಿಲ್ಲ ಅಂತ ಅಲ್ಲ. 2013ರಲ್ಲಿ ಕೆನಡಾದ ವಿದೇಶಾಂಗ ಅಧಿಕಾರಿಗಳು ಸಂಬಳಕ್ಕಾಗಿ ಮುಷ್ಕರ ಮಾಡಿದರು. 2014ರಲ್ಲಿ ಇಸ್ರೇಲಿನವರು ರಾಯಭಾರ ಕಚೇರಿಗಳನ್ನೇ ಮುಚ್ಚಿದರು. 2022ರ ಜೂನ್ 2ರಂದು ಫ್ರಾನ್ಸಿನವರೂ ಕೆಲಸ ನಿಲ್ಲಿಸಿದರು. ಮಾಡಲಿ, ಅದು ಅವರ ಹಕ್ಕು. ಕಾರಿನ ಹಿಂದಿನ ಸೀಟಿಗೆ ಇರುವ ಹಕ್ಕು ಮುಂದಿನ ಸೀಟಿಗೆ ಯಾಕಿಲ್ಲ? ಲಂಡನ್ನಿನಲ್ಲಿ ಸುಡಾನ್ ರಾಯಭಾರ ಕಚೇರಿಯ ಅಡುಗೆಯಾಕೆ ಕೋರ್ಟಿಗೆ ಹೋದರು. ಕೇಸು ನಡೆಸಬಹುದು ಅಂತ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನಾವಿನ್ನೂ ಕೋರ್ಟಿನ ಮೆಟ್ಟಿಲನ್ನೇ ಹತ್ತಿಲ್ಲ.

ಒಪ್ಪಿಗೆ ಕೊಡಲ್ಲ ಅನ್ನುವ ಮುಂಚೆ ಅರ್ಜಿದಾರನ ಮಾತು ಕೇಳಬೇಕು ಅಂತ 86ನೇ ಕಲಮಿನಲ್ಲೇ ಇದೆ. ಅಲ್ಜೀರಿಯಾ ರಾಯಭಾರ ಕಚೇರಿಯ ರಿಪೇರಿ ಕೆಲಸ ಮಾಡಿ ಬಾಕಿಗಾಗಿ ಅಲೆದವರೊಬ್ಬರ ಕೇಸಿನಲ್ಲಿ, ಸರ್ಕಾರ ಮನಸ್ಸಿಗೆ ಬಂದ ಹಾಗೆ ಇಲ್ಲ ಅನ್ನುವಂತಿಲ್ಲ, ಕಾರಣ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ. ನಮಗೆ ಇಲ್ಲ ಅಂತಲೂ ಹೇಳಿಲ್ಲ. ಇಲ್ಲ ಅಂದಿದ್ದರೆ ಹೈಕೋರ್ಟಿಗಾದರೂ ಹೋಗುತ್ತಿದ್ದೆವು. ಸುಮ್ನೆ ಇದ್ದುಬಿಟ್ಟರೆ ಯಾರ ಮೇಲೆ ಜಗಳ ಆಡೋದು?

ನಿಮಗೆ ಕೆಲಸ ಜಾಸ್ತಿ ಇದೆ, ಗೊತ್ತು. ಆ ದೇಶದ ಜೊತೆ ಗೆಳೆತನ ಕೆಡಿಸಿ ಅಂತ ನಾನು ಕೇಳುತ್ತಿಲ್ಲ. ಏಳು ಜನ ಡ್ರೈವರು, ಮಾಲಿಗಳ ಬಾಕಿಗೆ ಕೆಡುವಂಥ ಗೆಳೆತನ ಅದೆಂಥದ್ದು ಅಂತ ಮಾತ್ರ ಕೇಳಬೇಕು ಅನಿಸುತ್ತದೆ. ಸಂಸತ್ತಿನಲ್ಲಿ ಒಂದು ಪ್ರಶ್ನೆ ಹಾಕಿ. ಇಂಥ ಅರ್ಜಿಗಳು ಎಷ್ಟು ಬಂದಿವೆ, ಎಷ್ಟಕ್ಕೆ ಉತ್ತರ ಕೊಟ್ಟಿದ್ದೀರಿ ಅಂತ. ಜೊತೆಗೆ ನಮ್ಮ ಅರ್ಜಿಗೆ ಹೌದೋ ಇಲ್ಲವೋ, ಕಾಗದದ ಮೇಲೆ ಹೇಳಿಸಿ.

ನನ್ನ ಗಾಡಿ ರಾತ್ರಿ ಒಂಬತ್ತಕ್ಕೆ ಹೊರಡುತ್ತದೆ. ಊರಲ್ಲಿದ್ದ ದಿನ ಹಗಲು ಎಷ್ಟೊತ್ತಿಗೆ ಕರೆದರೂ ಬರುತ್ತೇನೆ. ಅರ್ಜಿಯ ಜೆರಾಕ್ಸ್, ಸ್ಪೀಡ್ ಪೋಸ್ಟ್ ರಸೀದಿ ಎಲ್ಲಾ ಒಂದೇ ಫೈಲಿನಲ್ಲಿದೆ. 47ನೇ ನಂಬರಿನ ಟೋಕನ್ನೂ ಅದರಲ್ಲೇ ಇದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ,
ಬಂಗಾರಪೇಟೆ