ಯಾವ ನೀಲಗಿರೀಸ್ ಥರ, ಪುಟ್ಟಿ?

ಪುಟ್ಟಿ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಇಷ್ಟುದ್ದ ಟೈಪ್ ಮಾಡುವುದು ನನ್ನ ಕೈಲಿ ಆಗದ ಕೆಲಸ. ಭಾನುವಾರ ಯಾರು ಏನಂದರು ಅಂತ ಇಬ್ಬರಿಗೂ ಗೊತ್ತು, ಅದು ಬೇಡ. ನಿನ್ನ ಹೊಸ ದಿನಸಿ ಅಂಗಡಿಗಳಿಗೋಸ್ಕರ ಮನೆ ಪತ್ರ ಅಡ ಇಡುವುದಕ್ಕೆ ಅಪ್ಪ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಊಟಕ್ಕೂ ಕೂರದೆ ಬಸ್ಸು ಹತ್ತಿದೆಯಲ್ಲ, ಅಷ್ಟು ಬೇಜಾರು ಮಾಡಿದ್ದಕ್ಕೆ ಕ್ಷಮಿಸು. ಆದರೆ ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಹೊರಡುವಾಗ ನೀನೊಂದು ಮಾತು ಅಂದೆ. "ನಾವು ನೀಲಗಿರೀಸ್ ಥರ ಬೆಳೀಬೇಕು ಅಂತಿದ್ದೀವಿ ಅಮ್ಮ, ನಿಮಗೆ ಅರ್ಥ ಆಗಲ್ಲ." ಆ ಸೂಪರ್‌ಮಾರ್ಕೆಟ್ ಚೈನ್ ಕಥೆ ನನಗೆ ಅರ್ಥ ಆಗದೆ ಏನು? ಅಂಗಡಿಗಳಿಗೆ ಮಾಲು ಹಾಕುವ ನಮ್ಮ ಏಜೆನ್ಸಿಯ ಲೆಡ್ಜರ್ ಬರೆದವಳು ನಾನು. ಬಿಸ್ಕತ್ತು, ಸೋಪು, ಬೆಂಕಿಪೊಟ್ಟಣ, ಯಾವ ಅಂಗಡಿಯವರು ಎಷ್ಟು ದಿನಕ್ಕೆ ದುಡ್ಡು ಬಿಚ್ಚುತ್ತಾರೆ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಈಗ ನೀನು ಹೇಳು. ಯಾವ ನೀಲಗಿರೀಸ್ ಥರ?

1905ರ ನೀಲಗಿರೀಸಾ? ಮುತ್ತುಸ್ವಾಮಿ ಮೊದಲಿಯಾರ್ ಅನ್ನುವವರು ಇಂಗ್ಲಿಷರ ಟಪಾಲು ಹೊತ್ತು ಬೆಟ್ಟ ಹತ್ತಿ ಇಳಿಯುತ್ತಿದ್ದವರು. ಅಲ್ಲೇ ನೀಲಗಿರಿ ಬೆಟ್ಟದಲ್ಲಿ ಬೆಣ್ಣೆ ವ್ಯಾಪಾರಕ್ಕೆ ಕೈ ಹಾಕಿದರು. ಬರೀ ಬೆಣ್ಣೆ. ಬೆಂಗಳೂರಿನ ಬ್ರಿಗೇಡ್ ರೋಡಿಗೆ ಅಂಗಡಿ ಬಂದಿದ್ದು 1936ರಲ್ಲಿ. ಲೆಕ್ಕ ಹಾಕು, 31 ವರ್ಷ. ಆಮೇಲೆ ಅವರ ಮಗ ಚೆನ್ನಿಯಪ್ಪನ್ ವಿದೇಶದ ಅಂಗಡಿಗಳನ್ನು ನೋಡಿ ಬಂದು, ಗಿರಾಕಿಯೇ ರ‍್ಯಾಕಿನಿಂದ ಎತ್ತಿಕೊಳ್ಳುವ ಪದ್ಧತಿಯನ್ನು ಇಲ್ಲಿಗೆ ತಂದರು. 1962ರಲ್ಲಿ ಈರೋಡಿನಲ್ಲಿ ಡೇರಿ ಹಾಕಿದರು. ಅವರದೇ ಹಾಲು, ಅವರದೇ ಬ್ರೆಡ್ಡು, ಕ್ರಿಸ್‌ಮಸ್ ಬಂತೆಂದರೆ ಕೇಕಿನ ಪ್ರದರ್ಶನ. ನೂರು ವರ್ಷ ವ್ಯಾಪಾರ ಆ ಮನೆಯವರ ಕೈಯಲ್ಲೇ ಇತ್ತು.

ಇಲ್ಲಾ ಆಮೇಲಿನ ನೀಲಗಿರೀಸಾ? 2006ರಲ್ಲಿ ಆಕ್ಟಿಸ್ ಅನ್ನುವ ಹೂಡಿಕೆ ಕಂಪನಿ ದೊಡ್ಡ ಪಾಲು ತೆಗೆದುಕೊಂಡಿತು. ಫ್ರಾಂಚೈಸಿ ಕೊಟ್ಟು ಅಂಗಡಿ ಹೆಚ್ಚಿಸಿದರು. 2014ರಲ್ಲಿ ಸುಮಾರು 300 ಕೋಟಿಗೆ ಫ್ಯೂಚರ್ ಗ್ರೂಪ್ ಕೊಂಡುಕೊಂಡಿತು. ಆ ಫ್ಯೂಚರ್ ಗ್ರೂಪೇ ಸಾಲದಲ್ಲಿ ಮುಳುಗಿತು. ಅವರದೇ ಬಿಗ್ ಬಜಾರ್ ಅಂಗಡಿಗಳ ಬೋರ್ಡುಗಳು ಇಳಿದಿದ್ದು 2022ರಲ್ಲಿ, ನೀನೇ ನೋಡಿದ್ದೀಯ. ನೀಲಗಿರೀಸ್ ಮತ್ತೆ ಇನ್ನೊಬ್ಬರ ಕೈಗೆ ಹೋಯಿತು. ಹೆಸರು ಉಳಿಯಿತು ಅನ್ನು. ಹೆಸರಿಗೇನು, ಬೋರ್ಡ್ ಬರೆಯುವವನೂ ಬರೆಯುತ್ತಾನೆ.

ಮೂರು ಅಂಗಡಿ ಇರುವವಳು ಒಂದೇ ವರ್ಷದಲ್ಲಿ ಹನ್ನೆರಡು ಮಾಡುತ್ತೇನೆ ಅಂದರೆ ನನಗೆ ಬ್ರಿಗೇಡ್ ರೋಡ್ ನೆನಪಾಗಲ್ಲ. ಬೇರೆಯದೇ ನೆನಪಾಗುತ್ತದೆ.

ನೀನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕಡೆ ಅಂಗಡಿಗಳ ಒಂದು ಸಣ್ಣ ಚೈನ್ ಇತ್ತು. ಹೆಸರು ಬೇಡ. ಅವರಿಂದ ಬಾಕಿ ಬರುವುದು ತಡವಾಗಿ, ಒಂದು ಸಂಜೆ ಅಪ್ಪನ ಜತೆ ವಸೂಲಿಗೆ ನಾನೂ ಹೋದೆ. ಅಂಗಡಿ ಥಳಥಳ ಅನ್ನುತ್ತಿತ್ತು. ಎಸಿ, ಹಾಡು, ಯೂನಿಫಾರ್ಮ್ ಹಾಕಿದ ಹುಡುಗರು. ಮ್ಯಾನೇಜರ್ ಕಾಫಿ ತರಿಸಿ, "ಚೆಕ್ ಹೆಡ್ ಆಫೀಸಿಂದ ಹೊರಟಿದೆ ಸಾರ್" ಅಂದ. ಅಪ್ಪ ಮಾತಾಡುತ್ತಿದ್ದರು. ನಾನು ಸುಮ್ನೆ ಓಡಾಡುತ್ತಾ ಒಂದು ಸೋಪು ಎತ್ತಿದೆ. ಅದರ ಹಿಂದೆ ಸೋಪಿರಲಿಲ್ಲ. ರ‍್ಯಾಕಿನ ತಗಡು ಕಂಡಿತು. ಪಕ್ಕದ ಟೂತ್‌ಪೇಸ್ಟ್ ಸರಿಸಿದೆ, ಅಲ್ಲೂ ಇಲ್ಲ. ಆ ಸಾಲು ಪೂರ್ತಿ ಹಾಗೇ, ಮುಂದೆ ಒಂದೊಂದು ಡಬ್ಬಿ, ಹಿಂದೆ ಖಾಲಿ. ಎದುರಿನ ಗೋಡೆಗೆ ಹೋದರೆ ಒಂದೇ ಕಂಪನಿಯ ಉಪ್ಪನ್ನು ಎರಡು ರ‍್ಯಾಕ್ ಉದ್ದಕ್ಕೂ ಹರಡಿಟ್ಟಿದ್ದರು. ಎಣ್ಣೆ ಇರಬೇಕಾದ ಜಾಗದಲ್ಲಿ ನೀರಿನ ಬಾಟಲಿ.

ಮಾಲನ್ನು ಮುಂದಕ್ಕೆ ಎಳೆದು ಜೋಡಿಸುವುದು ಎಲ್ಲ ಅಂಗಡಿಯಲ್ಲೂ ಇದೆ, ನಿನ್ನ ಹುಡುಗರೂ ಮಾಡುತ್ತಾರೆ. ಅದು ತಪ್ಪಲ್ಲ. ಹಿಂದೆ ಇನ್ನೆರಡು ಸಾಲು ಇರಬೇಕು ಅಷ್ಟೇ. ವಾಪಸ್ ಬರುವಾಗ ಸ್ಕೂಟರಿನ ಹಿಂದೆ ಕೂತು "ಇವರು ಕೊಡಲ್ಲ ರೀ" ಅಂದೆ. "ಇಷ್ಟು ದೊಡ್ಡ ಅಂಗಡಿ, ಎಲ್ಲಿ ಹೋಗುತ್ತೆ" ಅಂದರು. ಆ ತಿಂಗಳೇ ಇನ್ನೊಂದು ಊರಿನಲ್ಲಿ ಅವರ ಹೊಸ ಅಂಗಡಿ ಶುರುವಾಗಿತ್ತು, ಪೇಪರಿನಲ್ಲಿ ದೊಡ್ಡ ಜಾಹೀರಾತು ಕೂಡ ಬಂದಿತ್ತು! ಸ್ವಲ್ಪ ದಿನಕ್ಕೆ ಎಲ್ಲಕ್ಕೂ ಬೀಗ ಬಿತ್ತು. ಆ ಪುಟ ನನ್ನ ಲೆಡ್ಜರಿನಲ್ಲಿ ಇನ್ನೂ ಮುಗಿದಿಲ್ಲ.

ಹೇಗೆ ಹೀಗಾಗುತ್ತದೆ ಅಂತ ನಿನಗೆ ಗೊತ್ತು, ಎಂಬಿಎ ಓದಿದವಳು. ಆದರೂ ಹೇಳುತ್ತೇನೆ. ಸೋಪು ಹತ್ತು ದಿನಕ್ಕೆ ಮಾರಿಹೋಗುತ್ತದೆ. ಮಾಲು ಕೊಟ್ಟವನಿಗೆ ದುಡ್ಡು ಸೇರುವುದು ಮೂವತ್ತು, ನಲವತ್ತೈದು ದಿನಕ್ಕೆ. ನಡುವೆ ಆ ದುಡ್ಡು ಅಂಗಡಿಯ ಗಲ್ಲಾದಲ್ಲಿ ಕೂತಿರುತ್ತದೆ, ನೋಡುವುದಕ್ಕೆ ಥೇಟ್ ಲಾಭವೇ. ಅದನ್ನು ಎತ್ತಿ ಮುಂದಿನ ಅಂಗಡಿಗೆ ಅಡ್ವಾನ್ಸ್ ಕೊಡುತ್ತಾರೆ. ಹೊಸ ಅಂಗಡಿಗೆ ಮತ್ತೆ ಉದ್ರಿ ಮಾಲು, ಮತ್ತೆ ಗಲ್ಲಾ ತುಂಬುತ್ತದೆ. ಅಂಗಡಿ ತೆರೆಯುತ್ತಾ ಇರುವವರೆಗೆ ತೂತು ಕಾಣಲ್ಲ. ಒಂದು ತಿಂಗಳು ವ್ಯಾಪಾರ ಬಿತ್ತೋ, ಬ್ಯಾಂಕು ಕೈ ಎತ್ತಿತೋ, ಮೊದಲು ಬಾಡಿಗೆ ಕೊಡುತ್ತಾರೆ, ಆಮೇಲೆ ಕರೆಂಟ್ ಬಿಲ್ಲು. ನಮ್ಮಂಥವರು ಕೊನೆಗೆ. ಮಾಲು ನಿಲ್ಲುತ್ತದೆ, ರ‍್ಯಾಕು ಖಾಲಿಯಾಗುತ್ತದೆ, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಸುಭಿಕ್ಷಾ ಅನ್ನುವ ಅಂಗಡಿ ಚೈನ್ ನೋಡು. 1997ರಲ್ಲಿ ಚೆನ್ನೈಯಲ್ಲಿ ಶುರುವಾಗಿದ್ದು. ಎಸಿ ಇಲ್ಲ, ಥಳುಕಿಲ್ಲ, ಕಡಿಮೆ ರೇಟು, ಅಷ್ಟೇ. ತಮಿಳುನಾಡಿನಲ್ಲೇ ಇದ್ದಾಗ ಚೆನ್ನಾಗಿತ್ತು. ಆಮೇಲೆ ಎರಡು ಮೂರು ವರ್ಷದಲ್ಲಿ ದೇಶದ ತುಂಬಾ ಸುಮಾರು 1,600 ಅಂಗಡಿ. 2008ರ ಕೊನೆಗೆ ಎಲ್ಲೂ ಸಾಲ ಹುಟ್ಟಲಿಲ್ಲ. 2009ರ ಶುರುವಿಗೆಲ್ಲ ಬಾಗಿಲು ಮುಚ್ಚಿತು. ಅದೇ ಡಿ-ಮಾರ್ಟ್‌ನವರು 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಶುರುಮಾಡಿ ನಿಧಾನಕ್ಕೆ ಹೋದರು. ಹೆಚ್ಚಿನ ಕಡೆ ಕಟ್ಟಡ ಅವರದೇ. ಮಾಲು ಕೊಟ್ಟವರಿಗೆ ಬೇಗ ದುಡ್ಡು ಕೊಡುತ್ತಾರೆ, ಅದಕ್ಕೇ ಅವರಿಗೆ ಕಡಿಮೆ ರೇಟಿಗೆ ಮಾಲು ಸಿಗುತ್ತದೆ. ಇದರಲ್ಲಿ ದೊಡ್ಡ ಗುಟ್ಟೇನಿಲ್ಲ. ಏಜೆನ್ಸಿಯವನು ಮೊದಲು ಗಾಡಿ ಕಳಿಸುವುದು ಯಾರು ದುಡ್ಡು ಕೊಡುತ್ತಾರೋ ಅವರ ಅಂಗಡಿಗೆ.

ಲೆಕ್ಚರ್ ಆಯಿತು ಅಲ್ವಾ? ಆಗಲಿ ಬಿಡು.

ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಮಾತ್ರ ತಿಳಿಯಬೇಡ. ಕಳೆದ ಸಲ ಬಂದಾಗ ನೋಡಿದೆ. ತೊಗರಿಬೇಳೆ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿಸಿ, ತೂಕ ಕಮ್ಮಿ ಅಂತ ಇಡೀ ಮೂಟೆ ವಾಪಸ್ ಕಳಿಸಿದೆ. ನಿನ್ನ ಪಾರ್ಟ್ನರ್ ಹುಡುಗ "ಇರಲಿ ಬಿಡು" ಅಂತಿದ್ದ, ನೀನು ಬಿಡಲಿಲ್ಲ. ಅಲ್ಲಿ ಏನೂ ಅನ್ನಲಿಲ್ಲ, ಮನೆಗೆ ಬಂದ ಮೇಲೆ ಸಿಕ್ಕಿದವರಿಗೆಲ್ಲ ಹೇಳಿಕೊಂಡೆ. ಅಪ್ಪನಂತೂ ಹೇಳಿದ್ದನ್ನೇ ಮೂರು ಸಲ ಹೇಳಿಸಿಕೊಂಡರು.

ಆದರೆ ಆ ದಿನವೇ ಇನ್ನೊಂದೂ ಕಂಡೆ. ನಿನ್ನ ಎರಡನೇ ಅಂಗಡಿಯಲ್ಲಿ ಡಿಟರ್ಜೆಂಟ್ ಪೌಡರ್ ಹಿಂದೆ ಕೈ ಹಾಕಿದೆ. ಅಭ್ಯಾಸ, ಏನು ಮಾಡಲಿ, ಯಾವ ಅಂಗಡಿಗೆ ಹೋದರೂ ಕೈ ತಾನೇ ಹೋಗುತ್ತದೆ. ಹಿಂದೆ ಒಂದೇ ಸಾಲಿತ್ತು. ಹಬ್ಬದ ವ್ಯಾಪಾರ ಜಾಸ್ತಿಯಾಗಿ ಖಾಲಿಯಾಗಿರಬಹುದು, ಗಾಡಿ ತಡವಾಗಿರಬಹುದು. ಕೇಳೋಣ ಅಂದುಕೊಂಡು ಸುಮ್ಮನಾದೆ. ಭಾನುವಾರ ನೀನು ಮನೆ ಪತ್ರ ಅಂದಾಗ ಅದೇ ಕಣ್ಣಿಗೆ ಬಂತು.

ನಿನಗೆ ಹಪ್ಪಳ, ಉಪ್ಪಿನಕಾಯಿ ಮಾಡಿ ಕೊಡುವ ಸಣ್ಣ ಘಟಕದವರಿದ್ದಾರಲ್ಲ, ನೋಂದಣಿ ಮಾಡಿಸಿದವರಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಸಣ್ಣ ಉದ್ಯಮದವರಿಗಾಗಿ ಮಾಡಿದ 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ದೊಡ್ಡ ಕಂಪನಿಗಳು ದುಡ್ಡು ಬರದಿದ್ದರೆ ಮಾಲು ನಿಲ್ಲಿಸುತ್ತವೆ. ಇವರು ನಿಲ್ಲಿಸಲ್ಲ. ನಿನ್ನನ್ನು ಅಕ್ಕ ಅಂತ ಕರೆಯುತ್ತಾರೆ, ಕೇಳುವುದಕ್ಕೆ ಸಂಕೋಚ. ಮೊದಲು ಅವರದ್ದು ಚುಕ್ತಾ ಮಾಡು.

ಈಗ ಒಂದು ಕೆಲಸ ಮಾಡು. ಮೂರೂ ಅಂಗಡಿಯ ಬಾಕಿ ಪಟ್ಟಿ ಕಳಿಸು. ಯಾರಿಗೆ ಎಷ್ಟು ಕೊಡಬೇಕು, ಎಷ್ಟು ದಿನವಾಯಿತು, ಅಷ್ಟು ಸಾಕು. ಕಂಪ್ಯೂಟರಿನ ಫೈಲ್ ಬೇಡ, ಮೊಬೈಲಿನಲ್ಲಿ ನನಗೆ ಕಾಣಲ್ಲ. ಪ್ರಿಂಟ್ ತೆಗೆದು ಕೊರಿಯರ್ ಹಾಕು. ಮೂವತ್ತು ದಿನ ದಾಟಿದ ಬಾಕಿ ಯಾರದೂ ಇಲ್ಲದಿದ್ದರೆ, ನನ್ನ ಹೆಸರಿನಲ್ಲಿರುವ ಎಫ್‌ಡಿ ಮುರಿಸುತ್ತೇನೆ. ಅದರಲ್ಲಿ ಒಂದು ಅಂಗಡಿ ಆಗುತ್ತದೆ, ಹನ್ನೆರಡು ಆಗಲ್ಲ. ಅಪ್ಪನ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ. ಬಾಕಿ ಇದ್ದರೂ ಪಟ್ಟಿ ಕಳಿಸು, ಮುಚ್ಚಿಡಬೇಡ. ಎದುರು ಬದುರು ಕೂತು ನೋಡೋಣ.

ಇಂತಿ,
ನಿನ್ನ ಅಮ್ಮ