ಮುಳ್ಳು ತಾನೇ ಇಳಿಯಿತು ಅಂತ ಬರೆದಿದ್ದೀಯ

ಬಳ್ಳಾರಿ

ಚಿ. ಮಲ್ಲುಗೆ ನಿನ್ನ ಮಾವನ ಆಶೀರ್ವಾದಗಳು.

ಪತ್ರ ನಿನ್ನೆ ಬಂತು. ಕೂಸು ಗೋಡೆ ಹಿಡಿದು ನಿಲ್ಲುತ್ತದೆ ಅಂತ ಓದಿ ಸಂತೋಷವಾಯಿತು. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ಅದು ರಾತ್ರಿಯೆಲ್ಲ ನಿದ್ದೆ ಕೆಡಿಸಿತು. ಮಸ್ಕಿ ದಾಟಿದ ಮೇಲೆ ಕಾರು ಹೀಟ್ ಆಯಿತು, ಹೀಟ್ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತು, ಸ್ವಲ್ಪ ಹೊತ್ತಿಗೆ ತಾನೇ ಇಳಿಯಿತು, ಹಾಗೇ ಸಿಂಧನೂರಿನವರೆಗೆ ಓಡಿಸಿದೆ ಅಂತ. ತಾನೇ ಹೇಗೆ ಇಳಿಯುತ್ತದೆ ಮಲ್ಲು? ದಾರಿಯಲ್ಲಿ ನೀನು ಗಾಡಿ ನಿಲ್ಲಿಸಲಿಲ್ಲ, ನೀರು ಹಾಕಲಿಲ್ಲ. ಮೇ ತಿಂಗಳ ಮಧ್ಯಾಹ್ನ ಆ ರಸ್ತೆ ಕಾದ ಹೆಂಚು. ಇಂಜಿನ್ ತಣ್ಣಗಾಗೋಕೆ ಕಾರಣವೇ ಇಲ್ಲ, ಅಲ್ವಾ?

ಆ ಮುಳ್ಳನ್ನು ಆಡಿಸುವ ಸೆನ್ಸರ್ ಇಂಜಿನ್ ತಂಪು ಮಾಡುವ ನೀರಿನಲ್ಲಿ, ಅಂದರೆ ಕೂಲಂಟಿನಲ್ಲಿ ಮುಳುಗಿರಬೇಕು. ನೀರೆಲ್ಲ ಹೊರಗೆ ಹೋದರೆ ಅದರ ಸುತ್ತ ಬರೀ ಹಬೆ, ಗಾಳಿ. ಆಗ ಮುಳ್ಳು ಕೆಳಗೆ ಬಂದುಬಿಡಬಹುದು, ಒಳಗೆ ಇಂಜಿನ್ ಸುಡುತ್ತಿದ್ದರೂ. ನಿನ್ನ ಕಾರಿಗೆ ಹೀಗೇ ಆಗಿದೆ ಅಂತ ಇಲ್ಲಿ ಕೂತು ಹೇಳಲಾರೆ. ನನ್ನ ಲಾರಿಗೆ ಆಗಿತ್ತು.

2008ರ ಬೇಸಿಗೆ. ಲಾರಿ ಹೇಗೆ ತಗೊಂಡೆ, ನಿಮ್ಮವ್ವನ ಬಳೆ ಏನಾದವು ಅನ್ನೋದು ನಿನಗೆ ಗೊತ್ತೇ ಇದೆ. ಅದಿರು ತುಂಬಿಕೊಂಡು ಬೇಲೆಕೇರಿ ಬಂದರಿಗೆ ಹೊರಟಿದ್ದೆ. ಮುನಿರಾಬಾದ್ ದಾಟಿ ಗಿಣಿಗೇರಾ ಹತ್ತಿರ ಮುಳ್ಳು ಏರಿತು. ಹಿಂದೆ ಮುಂದೆ ಲಾರಿಗಳ ಸಾಲು, ಕೆಂಪು ಧೂಳು. ನಿಲ್ಲಿಸಿದರೆ ಟ್ರಿಪ್ ಹೋಗುತ್ತದೆ ಅನ್ನೋ ಚಿಂತೆ. ಅಷ್ಟರಲ್ಲಿ ಮುಳ್ಳು ಸರ್ರನೆ ಇಳಿಯಿತು. ಬದುಕಿದೆ ಅಂದುಕೊಂಡೆ. ಪಕ್ಕದಲ್ಲಿ ಕ್ಲೀನರ್ ಹುಡುಗ ಇದ್ದ. "ಅಣ್ಣಾ, ನೀರಿಲ್ಲ ಅನ್ಸುತ್ತೆ, ನಿಲ್ಸಣ್ಣ" ಅಂದ. ಮುಳ್ಳು ಕಾಣಲ್ವೇನೋ ನಿನಗೆ ಅಂತ ಗದರಿದೆ. ಕೊಪ್ಪಳ ಮುಟ್ಟುವ ಮೊದಲೇ ಇಂಜಿನ್ ಕಟಕಟ ಅಂದು ಜಾಮ್ ಆಯಿತು. ಬಿಚ್ಚಿ ನೋಡಿದರೆ ಪಿಸ್ಟನ್ ತಾನು ಓಡಾಡುವ ಕೊಳವೆಗೆ, ಅಂದರೆ ಬೋರಿಗೆ ಕಚ್ಚಿಕೊಂಡಿತ್ತು. ಬೋರಿನ ಒಳಗೆ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೆರೆ. ಬೆರಳಾಡಿಸಿದರೆ ಉಗುರಿಗೆ ಸಿಗುತ್ತಿದ್ದವು.

ಬೆಳಿಗ್ಗೆ ನೀರು ನೋಡಲಿಲ್ಲ ಅಂತ ತಪ್ಪನ್ನು ಹುಡುಗನ ಮೇಲೆ ಹಾಕಿದೆ. ಆ ತಿಂಗಳ ಸಂಬಳ ಕೊಡದೆ ಕಳಿಸಿಬಿಟ್ಟೆ. ರೇಡಿಯೇಟರ್ ಕೆಳಗಿನ ಹೋಸ್ ಸೀಳಿದ್ದು ಆಮೇಲೆ ಕಂಡಿತು. ಅವನು ನೀರು ಹಾಕಿದ್ದ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನು ನಿಲ್ಲಿಸಿದಾಗ ಲಾರಿ ಮಾರಿದೆ. ದುಡ್ಡು ಎಣಿಸುವಾಗ ಅವನ ಸಂಬಳವೇ ಕಣ್ಣ ಮುಂದೆ ಬಂತು. ಕೂಡ್ಲಿಗಿ ಕಡೆಯ ಹುಡುಗ. ಹೋಗಿ ಕೇಳಿದೆ. ಗುಳೆ ಹೋಗಿದ್ದಾರೆ ಅಂದರು.

ಈಗ ಕಾರು ಚೆನ್ನಾಗೇ ಓಡುತ್ತಿದೆ ಅಂತೀಯ. ಇರಬಹುದು. ಆದರೆ ನನ್ನ ಲಾರಿಯದು ಬೀಡಿನ, ಅಂದರೆ ಎರಕದ ಕಬ್ಬಿಣದ ಹೆಡ್ಡು, ಸಿಲಿಂಡರ್ ಮೇಲೆ ಕೂರುವ ಭಾಗ. ನಿನ್ನ ಕಾರಿನದು ಅಲ್ಯೂಮಿನಿಯಂ. ಜಾಸ್ತಿ ಕಾದರೆ ಬಾಗುತ್ತದೆ, ಹೆಡ್ಡಿನ ಕೆಳಗೆ ಸಂದು ಮುಚ್ಚುವ ಗ್ಯಾಸ್ಕೆಟ್ ಬಿಡುತ್ತದೆ. ಕೆಲವು ಸಲ ವಾರಗಟ್ಟಲೆ ಗೊತ್ತೇ ಆಗೋದಿಲ್ಲ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಮೈ ನೋಡು. ಹಾಲು ಹಾಕಿದ ಚಹಾದ ಬಣ್ಣದ ನೊರೆ ಹತ್ತಿದ್ದರೆ ನೀರು ಆಯಿಲ್‌ಗೆ ಸೇರಿರಬಹುದು, ಸ್ಟಾರ್ಟ್ ಮಾಡಬೇಡ. ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತದಾ? ಎಲ್ಲೂ ಸೋರದೆ ಕೂಲಂಟ್ ಕಡಿಮೆ ಆಗುತ್ತಿದೆಯಾ? ಇದು ಯಾವುದೂ ಇಲ್ಲ ಅಂದರೂ ಸರಿಯಿದೆ ಅಂತ ತಿಳಿಯಬೇಡ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸು. ರೇಡಿಯೇಟರ್ ಬಾಯಿಗೆ ಇಟ್ಟು ನೋಡುವ ನೀಲಿ ದ್ರಾವಣವೂ ಇದೆ. ಸಿಲಿಂಡರಿನ ಹೊಗೆ ನೀರಿಗೆ ಬರುತ್ತಿದ್ದರೆ ಅದು ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚಿದರೆ ಬಾಗಿದೆಯಾ ಅಂತ ನೇರವಾದ ಉಕ್ಕಿನ ಪಟ್ಟಿ ಇಟ್ಟು ನೋಡಿಸು. ಸುಮ್ನೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದರೆ ಮತ್ತೆ ಬಿಡುತ್ತದೆ. ನಿನ್ನ ಮೆಕ್ಯಾನಿಕ್‌ಗೆ ಇದೆಲ್ಲ ಗೊತ್ತಿರುತ್ತದೆ, ನಾನು ಹಳೇ ಲಾರಿಯವನು. ಬೇಜಾರು ಮಾಡಿಕೊಳ್ಳಬೇಡ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡ.

ಮತ್ತೆ ಆ ಮುಳ್ಳೇ ಕಣ್ಣಿಗೆ ಕಟ್ಟುತ್ತದೆ. ಹುಣ್ಣಿಮೆಗೆ ಇದೇ ಕಾರಿನಲ್ಲಿ ಕೂಸನ್ನು ಕರೆದುಕೊಂಡು ಹುಲಿಗಿಗೆ ಹುಲಿಗೆಮ್ಮನ ದರ್ಶನಕ್ಕೆ ಹೋಗಬೇಕು ಅಂತಿದ್ದೀಯ. ಈ ಸಲ ಬಸ್ಸಿಗೆ ಹೋಗ್ರಪ್ಪ. ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೂ ಹೋಗಬೇಡ, ಎಳೆಸಿಕೊಂಡು ಹೋಗು. ಖರ್ಚಿಗೆ ಕಡಿಮೆ ಬಿದ್ದರೆ ನಿಮ್ಮವ್ವನ ಹತ್ತಿರ ಕೇಳಬೇಡ, ನನಗೆ ಹೇಳು.

ಒಂದು ವಿಷಯ ನೀನು ಬರೆದಿಲ್ಲ. ಸಿಂಧನೂರಿಗೆ ಬಂದು ನೀರು ಹಾಕಿದೆಯಲ್ಲ, ಎಷ್ಟು ಹಿಡಿಯಿತು? ಒಂದು ಲೋಟವಾ, ಅಥವಾ ಬಾಟಲಿ ಮೇಲೆ ಬಾಟಲಿ ಸುರಿದೆಯಾ? ನೆನಪು ಮಾಡಿಕೊಂಡು ತಕ್ಷಣ ಬರೆ. ಫೋನ್ ಮಾಡಿದರೂ ಸರಿ, ಎಷ್ಟು ಹೊತ್ತಾದರೂ ಸರಿ.

ಇಂತಿ,
ನಿನ್ನ ಮಾವ