ಅವ್ವನಿಗೆ ಯಾವ ಟ್ಯಾಬ್ ಅಂತ ಕೇಳಿದ ಮಂಜುಗೆ

ರಾಯಚೂರು

ಚಿ. ಮಂಜುಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ತಮ್ಮಾ, ನೀನು ಬರೆದದ್ದನ್ನು ಓದಿದೆ. ಯಾವ ಟ್ಯಾಬ್, ಎಷ್ಟು ರೇಟು, ಯಾವ ಕಾರ್ಡಿಗೆ ಎಷ್ಟು ಆಫರ್, ಎಲ್ಲ ಚೆನ್ನಾಗಿ ಬರೆದಿದ್ದೀಯ. ಅದೆಲ್ಲ ಸರಿ. ಕೊನೆಗೆ ಒಂದು ಮಾತು ಸೇರಿಸಿದ್ದೀಯಲ್ಲ, 'ಕಡಿಮೆ ರೇಟಿನದು ಕೊಟ್ಟರೆ ಅವ್ವ ನನ್ನನ್ನ ಏನಂದುಕೊಳ್ತಾಳೋ' ಅಂತ, ಅದು ಮಾತ್ರ ತಲೆಯಿಂದ ಹೋಗುತ್ತಿಲ್ಲ. ರಾತ್ರಿ ರೊಟ್ಟಿ ಮುರಿದು ಹಾಗೇ ಕೂತಿದ್ದೆ. 'ಏನಾತು?' ಅಂತ ನಿಮ್ಮ ಕಾಕು ಕೇಳಿದಳು. ಏನಂತ ಹೇಳಲಿ?

ಲಕ್ಷದ ಹತ್ತಿರದ ಐಪ್ಯಾಡ್ ಪ್ರೊ ಕಂತಿನ ಮೇಲೆ ತಗೊಳ್ತೀನಿ ಅಂದಿದ್ದೀಯ. ಕಂತು ಕಟ್ಟೋ ಶಕ್ತಿ ನಿನಗಿದೆ, ಆ ಮಾತು ನಾನು ಎತ್ತುವುದಿಲ್ಲ. ಡಬ್ಬಿ ಮೇಲಿನ ರೇಟು ನೋಡಿ ಅವ್ವ ಮಗನನ್ನು ಅಳೆಯುತ್ತಾಳೆ ಅಂತ ಹೆದರಿದ್ದೀಯಲ್ಲ, ಆ ಹೆದರಿಕೆ ನಿನಗೆ ಎಲ್ಲಿಂದ ಬಂತೋ ಮಾರಾಯ.

ತೀನ್ ಕಂದೀಲ್ ಹತ್ತಿರ ನನ್ನ ರಿಪೇರಿ ಅಂಗಡಿ ಇದ್ದಾಗ ಇಂಥದ್ದನ್ನು ಬಹಳ ನೋಡಿದ್ದೇನೆ. ಮಗ ದುಬೈಯಿಂದಲೋ ಬೆಂಗಳೂರಿಂದಲೋ ಬಂದು ದೊಡ್ಡ ಟಿವಿ ಕೊಡಿಸಿ ಹೋಗುತ್ತಿದ್ದ. ಸ್ವಲ್ಪ ದಿನಕ್ಕೆ ತಾಯಿ ಬಂದು ಟಿವಿ ಕೆಟ್ಟಿದೆ ಅನ್ನುತ್ತಿದ್ದಳು. ಹೋಗಿ ನೋಡಿದರೆ ಟಿವಿಗೆ ಏನೂ ಆಗಿರುತ್ತಿರಲಿಲ್ಲ. ಒಬ್ಬ ಅಮ್ಮ ರಿಮೋಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ಎರಡು ಸುತ್ತು ರಬ್ಬರ್ ಬ್ಯಾಂಡ್ ಬಿಗಿದಿದ್ದಳು. ಕವರ್ ಎಣ್ಣೆ ಕೈಗೆ ಮಬ್ಬಾಗಿ ಒಳಗಿನ ಅಕ್ಷರವೇ ಕಾಣುತ್ತಿರಲಿಲ್ಲ. ಸೌಂಡ್ ಜಾಸ್ತಿ ಮಾಡಲು ಹೋದರೆ ಚಾನೆಲ್ ಬದಲಾಗುತ್ತಿತ್ತು. 'ಇದನ್ನ ತೆಗೀರವ್ವ' ಅಂದರೆ, 'ಬ್ಯಾಡ್ರೀ, ಮಗ ಬಾಳ ರೊಕ್ಕ ಕೊಟ್ಟು ತಂದಾನ' ಅಂದಳು. ಮಧ್ಯಾಹ್ನದ ಧಾರಾವಾಹಿಗೆ ಪಕ್ಕದ ಮನೆಗೆ ಹೋಗುತ್ತಿದ್ದಳಂತೆ!

ನಿಮ್ಮವ್ವ ಇದಕ್ಕೆ ಬೇರೆ ಅಂದುಕೊಂಡೆಯಾ? ಲಕ್ಷದ ವಸ್ತು ಕೊಟ್ಟು ನೋಡು. ಟ್ರೆಜರಿಯಲ್ಲಿ ರೇಷ್ಮೆ ಸೀರೆಯ ಕೆಳಗೆ ಇಟ್ಟು ಬೀಗ ಹಾಕುತ್ತಾಳೆ. ನೀನು ಬಂದಾಗ ತೆಗೆದು ತೋರಿಸುತ್ತಾಳೆ.

ನೀನು ಕೇಳಿದ್ದಕ್ಕೂ ಏನಾದರೂ ಹೇಳಬೇಕಲ್ಲ. ನಾನು ಪಿಕ್ಚರ್ ಟ್ಯೂಬ್ ಕಾಲದವನು, ನನ್ನ ಮಾತನ್ನು ಅಷ್ಟಕ್ಕೇ ಇಟ್ಟುಕೋ. ಆಕೆ ನೋಡುವುದು ಯೂಟ್ಯೂಬಿನಲ್ಲಿ ಗವಿಮಠದ ಪ್ರವಚನ, ಎರಡು ಧಾರಾವಾಹಿ, ಆಮೇಲೆ ವಿಡಿಯೋ ಕಾಲಿನಲ್ಲಿ ನಿನ್ನ ಮಗಳು. ಇದಕ್ಕೆ 10-11 ಇಂಚಿನದು, ಪರದೆಯಲ್ಲಿ 1920×1200 ಚುಕ್ಕೆ ಇರುವ ಎಲ್‌ಸಿಡಿ ಸಾಕು. ಅದಕ್ಕಿಂತ ಕೆಳಗೆ ಇಳಿಯಬೇಡ. ತೀರ ಅಗ್ಗದವುಗಳಲ್ಲಿ ಅಡ್ಡಡ್ಡ 1200ರ ಬದಲು 800 ಸಾಲು ಚುಕ್ಕೆ ಅಷ್ಟೇ ಇರುತ್ತವೆ. ಚಿಕ್ಕ ಪರದೆಗೆ ಅದು ನಡೆಯುತ್ತದೆ, 10 ಇಂಚಿಗೆ ಎಳೆದರೆ ಅಕ್ಷರ ಮಸುಕು. ಆ ಪ್ರೊದ ಓಎಲ್ಇಡಿ ಪರದೆ ಚೆಂದ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಅದರಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಪೂರ್ತಿ ಆರುತ್ತದೆ. ಎಲ್‌ಸಿಡಿಗೆ ಹಿಂದೆ ದೀಪ ಇರುವುದರಿಂದ ಕಪ್ಪು ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಈ ವ್ಯತ್ಯಾಸ ಗೊತ್ತಾಗುವುದು ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ. ನಿಮ್ಮವ್ವ ಪಡಸಾಲೆಯಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು, ಮೆಂತ್ಯ ಸೋಸುತ್ತಾ ನೋಡುವವಳು.

ನೆಟ್‌ಫ್ಲಿಕ್ಸ್ 149ರ ಮೊಬೈಲ್ ಪ್ಲಾನ್ ಹಾಕಿಕೊಡ್ತೀನಿ ಅಂತಲೂ ಬರೆದಿದ್ದೀಯ. ಆ ಪ್ಲಾನಿನಲ್ಲಿ ಬರುವುದೇ 480 ಸಾಲಿನ ಚಿತ್ರ. ಲಕ್ಷ ಕೊಟ್ಟ ಪರದೆ ಮೇಲೂ ಅಷ್ಟೇ ಬರುತ್ತದೆ. ಮುಂದೆ ಯಾವಾಗಲಾದರೂ ದೊಡ್ಡ ಪ್ಲಾನ್ ತಗೊಂಡರೆ ಇನ್ನೊಂದು ನೋಡಿಕೋ. ಆಂಡ್ರಾಯ್ಡ್ ಟ್ಯಾಬಿಗೆ ವೈಡ್‌ವೈನ್ ಎಲ್1 ಇರಬೇಕು, ಅದು ಸಿನಿಮಾ ಕದಿಯದಂತೆ ಕಾಯುವ ಬೀಗದ ಮೇಲಿನ ದರ್ಜೆ. ಕೆಲವು ಅಗ್ಗದವುಗಳಲ್ಲಿ ಕೆಳಗಿನ ದರ್ಜೆಯ ಎಲ್3 ಇರುತ್ತದೆ, ಪರದೆ ಎಷ್ಟೇ ಚೆನ್ನಾಗಿದ್ದರೂ ಇಂಥ ಆ್ಯಪ್‌ಗಳು ಅದಕ್ಕೆ ಎಚ್‌ಡಿ ಕೊಡುವುದಿಲ್ಲ. ಯೂಟ್ಯೂಬಿಗೆ ಆ ತೊಂದರೆ ಇಲ್ಲ. ಆಕೆಗೆ ಬೇಕಾದದ್ದೂ ಅದೇ, ಹೌದಲ್ಲ?

ನಮ್ಮವ್ವನ, ಅಂದರೆ ನಿಮ್ಮ ಅಜ್ಜಿಯ ನೆನಪು ಬಂತು ನೋಡು. ಊರವರ ಟಿವಿಯನ್ನೆಲ್ಲ ಬಿಚ್ಚಿ ಕೂಡಿಸಿದೆ. ಅಂಗಡಿ ಮುಚ್ಚಿ ಮನೆಗೆ ಬಂದರೆ ಟಿವಿ ಶಬ್ದವೇ ಬೇಡ ಅನ್ನಿಸುತ್ತಿತ್ತು. ಆಕೆ 'ಬಾರೋ, ಚಲೋ ನಾಟಕ ಹತ್ತೈತಿ' ಅಂತ ಕರೆಯುತ್ತಿದ್ದಳು, ನಾನು ಕೈಕಾಲು ತೊಳೆದು ಮಲಗಿಬಿಡುತ್ತಿದ್ದೆ. ಅಷ್ಟು ವರ್ಷ ಆಕೆ ಪಕ್ಕ ಕೂತು ಒಂದು ನಾಟಕ ಪೂರ್ತಿ ನೋಡಲಿಲ್ಲ. ಮನೆಯ ಟಿವಿ ಯಾವ ಕಂಪನಿಯದು ಅಂತ ಆಕೆಗೆ ಕೊನೆತನಕ ಗೊತ್ತಿರಲಿಲ್ಲ. ಇದನ್ನು ನಿನಗೆ ಯಾಕೆ ಬರೆದೆನೋ, ಇರಲಿ ಬಿಡು.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಜಾರಾಗಬೇಡ. ನಿನ್ನ ಹೆದರಿಕೆ ಓದಿದ ಮೇಲೆ ಮನಸ್ಸು ತಡೆಯದೆ ಮಾನ್ವಿಯಲ್ಲಿರುವ ನಿಮ್ಮವ್ವನಿಗೆ ಫೋನ್ ಮಾಡಿದೆ. ನೀನು ಕೇಳಿದ್ದು ಹೇಳಲಿಲ್ಲ. ಮಂಜು ಟ್ಯಾಬ್ ತರ್ತಾನಂತಲ್ಲ ಅಂತ ಸುಮ್ನೆ ತೆಗೆದೆ. ಅತ್ತಿಗೆ ಏನಂದಳು ಗೊತ್ತಾ? 'ತರ್ಲಿ ಬಿಡ್ರೀ, ಆದ್ರ ಹೇಳಿಕೊಡಾವ್ರು ಯಾರು? ಅಂವ ಒಂದಿನ ಇದ್ದು ಹೊಳ್ಳಿ ಹೋಗ್ತಾನ.' ರೇಟಿನ ಮಾತು ಬರಲೇ ಇಲ್ಲ. ನಾನೂ ಎತ್ತಲಿಲ್ಲ.

ಸಾಮಾನು ಬಿಚ್ಚುವವನಾಗಿ ಒಂದು ಹೇಳಲೇ? 34,900ಕ್ಕೆ ಬಂದ ಸಾದಾ ಐಪ್ಯಾಡಿನಲ್ಲಿ ಮೇಲಿನ ಗಾಜು ಬೇರೆ, ಕೆಳಗಿನ ಡಿಸ್‌ಪ್ಲೇ ಬೇರೆ. 99,900ಕ್ಕೆ ಬಂದ 11 ಇಂಚಿನ ಪ್ರೊದಲ್ಲಿ ಎರಡನ್ನೂ ಅಂಟಿಸಿ ಒಂದು ಮಾಡಿರುತ್ತಾರೆ. ಚಿತ್ರ ಗಾಜಿನ ಮೇಲೇ ಬರೆದಂತೆ ಕಾಣುತ್ತದೆ, ನಿಜ. ಕೆಳಗೆ ಬಿದ್ದು ಒಡೆದರೆ ಮಾತ್ರ ಪೂರ್ತಿ ಹೋಯಿತು. ಇನ್ನು ನಮ್ಮ ಬಿಸಿಲು. ಐಪ್ಯಾಡ್ ಮಾಡುವವರೇ 35 ಡಿಗ್ರಿವರೆಗಿನ ಸೆಕೆಯಲ್ಲಿ ಬಳಸಿ ಅನ್ನುತ್ತಾರೆ. ಮೇ ತಿಂಗಳಲ್ಲಿ ಇಲ್ಲಿ 40 ದಾಟುತ್ತದೆ. ಲಕ್ಷದ್ದಾದರೂ ಬ್ಯಾಟರಿ ಬ್ಯಾಟರಿಯೇ. ಚಾರ್ಜಿಗೆ ಹಾಕಿ ನೋಡಬೇಡ ಅಂತ ಅವ್ವನಿಗೆ ಹೇಳು, ಆ ಹೊತ್ತಲ್ಲೇ ಅದು ಜಾಸ್ತಿ ಕಾಯುವುದು.

ನನ್ನನ್ನು ಕೇಳಿದರೆ 20 ಸಾವಿರದೊಳಗಿನ ಆಂಡ್ರಾಯ್ಡ್ ಸಾಕು. ರ್‍ಯಾಮ್ 4 ಜಿಬಿಗಿಂತ ಕಡಿಮೆ ಬೇಡ, 6 ಆದರೆ ಒಳ್ಳೆಯದು. ಮೆಮೊರಿ ಕಾರ್ಡ್ ಹಾಕುವ ಜಾಗ ಇರಲಿ, ಐಪ್ಯಾಡಿಗೆ ಅದು ಇಲ್ಲ. ನಾಲ್ಕು ಸ್ಪೀಕರ್ ಇದ್ದರೆ ಇನ್ನೂ ಒಳ್ಳೆಯದು, ಆಕೆಗೆ ಎಡಗಿವಿ ಮಂದ ಆಗಿದೆ. ಅಪ್‌ಡೇಟ್ ಮಾತ್ರ ದುಬಾರಿಯವುಗಳಿಗೆ ಜಾಸ್ತಿ ವರ್ಷ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಿನ್ನ ಮನಸ್ಸು ಒಪ್ಪಲೇ ಇಲ್ಲ ಅಂದರೆ ಆ ಸಾದಾ ಐಪ್ಯಾಡ್ ತಗೋ, ನಾನು ಬೇಡ ಅನ್ನುವುದಿಲ್ಲ. ಪ್ರೊ ಬೇಕಿದ್ದರೆ ನಿನಗೆ ತಗೋ, ರಾತ್ರಿ ಸಿನಿಮಾ ನೋಡುವವನು ನೀನು.

ಯಾವುದೇ ತಂದರೂ ನಿಲ್ಲಿಸುವ ಸ್ಟ್ಯಾಂಡ್ ಇರುವ ಕವರ್ ಹಾಕಿಸು. ಅರ್ಧ ಕೆಜಿ ಹತ್ತಿರ ತೂಗುವುದನ್ನು ಆಕೆ ಎಷ್ಟು ಹೊತ್ತು ಹಿಡಿದಾಳು? ಅಕ್ಷರ ದೊಡ್ಡದು ಮಾಡು, ಬೇಡದ ಆ್ಯಪ್ ತೆಗೆದು ಮೂರು ನಾಲ್ಕು ಮಾತ್ರ ಮುಂದೆ ಇಡು. ಅವ್ವ ರೇಟು ಕೇಳಿದರೆ ಏನು ಹೇಳಬೇಕು ಅಂತ ಈಗಲೇ ಯೋಚಿಸಿಕೊಳ್ಳಬೇಡ. ಎಷ್ಟು ಹೇಳಿದರೂ ಜಾಸ್ತಿ ಆಯಿತು ಅಂತಲೇ ಬೈಯುತ್ತಾಳೆ. ಶುಕ್ರವಾರ ಬಂದು ಭಾನುವಾರ ಓಡುವುದಾದರೆ ಮಾತ್ರ ಈಗ ತರಬೇಡ, ನಾಲ್ಕು ದಿನ ರಜೆ ಸಿಕ್ಕಾಗ ತಾ.

ಇಂತಿ ನಿನ್ನ
ಕಾಕಾ